ಖಾರ್ಲಮೋವ್‌ನನ್ನು ಅಳೆಯುವುದು ಹೇಗೆ?

ಸೋವಿಯತ್ ಐಸ್ ಹಾಕಿ ಆಟಗಾರ ವಲೇರಿ ಖಾರ್ಲಮೋವ್ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಯಾವ ತಂಡದ ಅಂಗಿಯನ್ನೂ ತೊಡಲೇ ಇಲ್ಲ. ಆ ಲೀಗಿನ ತಾರೆಗಳಾದ ಬಾಬಿ ಓರ್, ಎಸ್ಪೊಸಿಟೊ ಪಕ್ಕದಲ್ಲಿಟ್ಟು ತೂಗೋಣವೆಂದರೆ ಅದೇ ಲೀಗಿನ ಅಂಕಿಗಳಿಲ್ಲ. ಅವನ ಒಲಿಂಪಿಕ್ ಚಿನ್ನಗಳನ್ನು ನಾನು ಹೆಚ್ಚು ಲೆಕ್ಕಕ್ಕಿಡುವುದಿಲ್ಲ. ಪಶ್ಚಿಮದ ವೃತ್ತಿಪರರು ಆಗ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಉಳಿಯುವುದು ಮುಖಾಮುಖಿ ಪಂದ್ಯಗಳು.

1972ರ ಸೆಪ್ಟೆಂಬರ್ 2, ಮಾಂಟ್ರಿಯಲ್, ಕೆನಡಾ–ಸೋವಿಯತ್ ಸರಣಿಯ ಮೊದಲ ಪಂದ್ಯ. ಕೆನಡಾದ ದಿಗ್ಗಜರನ್ನು ಸೋವಿಯತ್ ತಂಡ 7–3ರಿಂದ ಬಗ್ಗುಬಡಿಯಿತು. ಎರಡು ಗೋಲು ಖಾರ್ಲಮೋವ್‌ನವು. ಮೊದಲನೆಯದರಲ್ಲಿ ಅವನು ಕೆನಡಾದ ರಕ್ಷಣಾ ಆಟಗಾರ ಡಾನ್ ಆವ್ರಿಯ ಹೊರಬದಿಯಿಂದ ಸರ್ರನೆ ಜಾರಿಹೋದ ಪರಿ ನೋಡಬೇಕು: ವೇಗ ಇಳಿಯದು, ಪಕ್ ಕೋಲು ಬಿಡದು, ಎದುರಾಳಿ ತಿರುಗುವಷ್ಟರಲ್ಲಿ ಗೋಲ್‌ಕೀಪರ್ ಡ್ರೈಡನ್ ಕೂಡ ಸೋತಿರುತ್ತಾನೆ. ಮಂಡಿನೋವಿನ ಓರ್ ಆ ಸರಣಿಯಲ್ಲಿ ಆಡಲಿಲ್ಲ, ಒಪ್ಪೋಣ. ಕೊನೆಗೆ ಗೆದ್ದದ್ದೂ ಕೆನಡಾವೇ, 4–3ರಿಂದ. ಒಂದು ಪಂದ್ಯ ಸಮ. ಆದರೆ ಆರನೇ ಪಂದ್ಯದಲ್ಲಿ ಕೆನಡಾದ ಬಾಬಿ ಕ್ಲಾರ್ಕ್ ಖಾರ್ಲಮೋವ್‌ನ ಕಣಕಾಲಿಗೇ ಕೋಲು ಬೀಸಿದ. ಎದುರಾಳಿ ಕೊಟ್ಟ ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಗೊತ್ತಿಲ್ಲ.

ಖಾರ್ಲಮೋವ್‌ಗೆ ಸಿಗದ ಎನ್‌ಎಚ್‌ಎಲ್ ಅಳತೆ ಮುಂದಿನ ಪೀಳಿಗೆಗೆ ಸಿಕ್ಕಿತು: ಸೋವಿಯತ್ ಆಟಗಾರ ಸೆರ್ಗೆಯ್ ಮಕರೋವ್ ಕೊನೆಗೂ ಎನ್‌ಎಚ್‌ಎಲ್‌ಗೆ ಹೋಗಿ, 1990ರಲ್ಲಿ, 31ರ ವಯಸ್ಸಿನಲ್ಲಿ, ವರ್ಷದ ಹೊಸ ಆಟಗಾರನ ಕಾಲ್ಡರ್ ಟ್ರೋಫಿ ಗೆದ್ದ. ಲೀಗ್ ಆಮೇಲೆ ಆ ಪ್ರಶಸ್ತಿಗೆ ವಯಸ್ಸಿನ ಮಿತಿ ಹಾಕಿತು.