ಹಡಗಿನ ಹೆಸರು ಹೊತ್ತವಳು

ಫಿಲಿಸ್ ವೀಟ್ಲಿ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. 1761ರಲ್ಲಿ ಅವಳನ್ನು ಆಫ್ರಿಕಾದಿಂದ ಬಾಸ್ಟನ್ನಿಗೆ ತಂದ ಹಡಗಿನ ಹೆಸರು ಫಿಲಿಸ್. ಕೊಂಡ ಯಜಮಾನರ ಮನೆತನ ವೀಟ್ಲಿ. ಹಾಲುಹಲ್ಲು ಬಿದ್ದದ್ದು ನೋಡಿ ವಯಸ್ಸು ಏಳೋ ಎಂಟೋ ಅಂದುಕೊಂಡರಂತೆ.

1773ರಲ್ಲಿ ಲಂಡನ್ನಿನಲ್ಲಿ ಅವಳ ಕವನ ಸಂಕಲನ ಬಂತು. ಅದರ ಮುಂದೆ ಬಾಸ್ಟನ್ನಿನ 18 ದೊಡ್ಡ ಮನುಷ್ಯರ ಸರ್ಟಿಫಿಕೇಟು, ಬರೆದದ್ದು ಇವಳೇ ಅಂತ!

ಆಫ್ರಿಕಾದಿಂದ ತನ್ನನ್ನು ತಂದದ್ದರ ಬಗ್ಗೆ ಅವಳದೊಂದು ಎಂಟು ಸಾಲಿನ ಪದ್ಯವಿದೆ. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ಅದನ್ನು ಕರುಣೆ ಅಂತಾಳಲ್ಲ! ಎಷ್ಟೋ ಕಪ್ಪು ವಿಮರ್ಶಕರೂ ಅವಳನ್ನು ಬೈದದ್ದು ಇದಕ್ಕೇ. ಮತ್ತೆ ಓದಿದೆ. ಕೊನೆಯಲ್ಲಿ ದನಿ ಬದಲಾಗುತ್ತೆ. ಕಪ್ಪು ಬಣ್ಣವನ್ನು ಹೀಗಳೆಯುವ ಕ್ರೈಸ್ತರಿಗೆ ಅವರದೇ ಧರ್ಮದ ಮಾತಿನಲ್ಲಿ ಪಾಠ ಹೇಳ್ತಾಳೆ. ಅದೇ ಪುಸ್ತಕದಲ್ಲಿ, ಡಾರ್ಟ್‌ಮತ್ ಪ್ರಭುವಿಗೆ ಬರೆದ ಪದ್ಯದಲ್ಲಿ, ಮಗುವನ್ನು ಕಿತ್ತುಕೊಂಡಾಗ ಅಪ್ಪನ ಎದೆಗೆ ಏನಾಗಿರಬೇಕು ಅಂತ ಕೇಳ್ತಾಳೆ. ಕರುಣೆಯ ಪದ್ಯವನ್ನು ಇದರ ಪಕ್ಕದಲ್ಲಿಟ್ಟೇ ಓದಬೇಕು.

ಬಿಡುಗಡೆಯಾದ ಮೇಲೆ ಎರಡನೇ ಸಂಕಲನಕ್ಕೆ ಪ್ರಯತ್ನಪಟ್ಟಳು. ಅದು ಅಚ್ಚಾಗಲೇ ಇಲ್ಲ. 1784ರಲ್ಲಿ, ಸುಮಾರು 31ನೇ ವಯಸ್ಸಿಗೆ, ಬಡತನದಲ್ಲಿ ತೀರಿಕೊಂಡಳು. ಹಸ್ತಪ್ರತಿ ಇವತ್ತಿಗೂ ಸಿಕ್ಕಿಲ್ಲ. ನಾವು ಅವಳನ್ನು ಬೈದದ್ದು, ಹೊಗಳಿದ್ದು ಹೆಚ್ಚಾಗಿ ಗುಲಾಮಳಾಗಿದ್ದಾಗ ಬರೆದ ಪುಸ್ತಕ ಓದಿ. ಸ್ವತಂತ್ರಳು ಬರೆದ ಪುಸ್ತಕವನ್ನು ನಾವಿನ್ನೂ ಓದೇ ಇಲ್ಲ.