ಡೈನೊಸಾರ್ ಚಟುವಟಿಕೆ: ಕೈಗೆ ಕೆಲಸ, ತಲೆಗೆ?

ಕಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಡೈನೊಸಾರ್ ಎಂದರೆ ಎಲ್ಲಿಲ್ಲದ ಹುಮ್ಮಸ್ಸು. ‘ಮಾಡಿ ಕಲಿ’ ಕಾರ್ಯಕ್ರಮಗಳಲ್ಲಿ ಅದನ್ನು ಬಳಸಿಕೊಳ್ಳುವುದು ಸಹಜವೇ. ಜೇಡಿಮಣ್ಣಿನಲ್ಲಿ ಡೈನೊಸಾರ್ ಮಾಡುವುದು, ಚಿತ್ರಕ್ಕೆ ಬಣ್ಣ ತುಂಬುವುದು, ಮರಳಿನಲ್ಲಿ ಹೂತಿಟ್ಟ ಪ್ಲಾಸ್ಟಿಕ್ ಮೂಳೆಗಳನ್ನು ಹುಡುಕಿ ತೆಗೆಯುವುದು - ಇವೆಲ್ಲ ನಿಮಗೆ ಪರಿಚಿತ. ಮಕ್ಕಳು ನಲಿಯುತ್ತಾರೆ, ನಿಜ. ಆದರೆ ಇವುಗಳಲ್ಲಿ ವಿಜ್ಞಾನ ಎಷ್ಟಿದೆ?

ಮರಳಿನ ಆಟವನ್ನೇ ನೋಡಿ. ಮೂಳೆ ಹೂತವರು ಶಿಕ್ಷಕರು. ಸಿಗುವುದೇನೆಂದು ಮೊದಲೇ ಗೊತ್ತು. ಮೂಳೆ ಕೊಳೆಯದೆ ಉಳಿದದ್ದು ಹೇಗೆ, ಅದು ಎಷ್ಟು ಹಳೆಯದೆಂದು ತಿಳಿದದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯೇ ಇಲ್ಲ. ಮಗುವಿಗೆ ಉಳಿಯುವುದು ಕೆಲವು ಉದ್ದನೆಯ ಹೆಸರುಗಳು, ಜೊತೆಗೆ ಎಲ್ಲಿ ಅಗೆದರೂ ಡೈನೊಸಾರ್ ಸಿಗುತ್ತದೆಂಬ ತಪ್ಪು ಕಲ್ಪನೆ.

ಮೂಡಿಗೆರೆ ತಾಲ್ಲೂಕಿನ ಬಣಕಲ್‌ನಲ್ಲಿ ಈ ಆಟ ನಡೆಯಿತೆನ್ನಿ. “ನಮ್ಮ ತೋಟದಲ್ಲಿ ಅಗೆದ್ರೆ ಸಿಗ್ತದಾ ಸಾರ್?” ಎಂದು ಮಗು ಕೇಳಿದರೆ? ‘ಇಲ್ಲ’ ಎಂಬುದೇ ಉತ್ತರ. ಅದರ ಕಾರಣ ಸ್ವಾರಸ್ಯಕರವಾಗಿದೆ. ಅಲ್ಲಿ ಕಾಫಿ ಗಿಡಗಳ ಬುಡದ ಮಣ್ಣಿನಡಿ ಇರುವುದು ನೈಸ್, ಶಿಸ್ಟ್ ಮುಂತಾದ ಅತಿ ಪ್ರಾಚೀನ ಶಿಲೆಗಳು. ಈ ಭಾಗದ ನೈಸ್ ಶಿಲೆಗಳ ವಯಸ್ಸು ಸುಮಾರು 300 ಕೋಟಿ ವರ್ಷ. ಡೈನೊಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಹುಟ್ಟುವ ಮೊದಲೇ ಗಟ್ಟಿಯಾಗಿದ್ದ ಬಂಡೆಯೊಳಗೆ ಅವು ಹೂತುಹೋಗುವುದಾದರೂ ಹೇಗೆ? ಪಳೆಯುಳಿಕೆ ಉಳಿಯಲು ಆ ಕಾಲದಲ್ಲೇ ಪದರ ಪದರವಾಗಿ ಶೇಖರಗೊಂಡ ಶಿಲೆ ಬೇಕು. 1828ರಲ್ಲಿ ಡೈನೊಸಾರ್ ಮೂಳೆ ದೊರೆತ ಜಬಲ್ಪುರದಲ್ಲಿ, 2003ರಲ್ಲಿ ‘ರಾಜಾಸಾರಸ್’ ಎಂದು ಹೆಸರಿಸಿದ ಪ್ರಾಣಿಯ ಮೂಳೆಗಳು ಸಿಕ್ಕ ಗುಜರಾತಿನ ರಯೋಲಿಯಲ್ಲಿ ಅಂಥ ಶಿಲೆಗಳಿವೆ.

ಇದನ್ನು ಮಕ್ಕಳಿಗೆ ಮನವರಿಕೆ ಮಾಡಿಸಲು 46 ಮೀಟರ್ ಹಗ್ಗ ಸಾಕು. ಒಂದು ಮೀಟರಿಗೆ 10 ಕೋಟಿ ವರ್ಷ. ಒಂದು ತುದಿ ಭೂಮಿಯ ಹುಟ್ಟು, ಇನ್ನೊಂದು ತುದಿ ಇಂದು. ಇಂದಿನ ತುದಿಯಿಂದ 30 ಮೀಟರ್ ದೂರದಲ್ಲಿ ನೈಸ್ ಬಂಡೆ, 2.3 ಮೀಟರಿನಲ್ಲಿ ಡೈನೊಸಾರ್‌ಗಳ ಆಗಮನ, 66 ಸೆಂ.ಮೀ.ನಲ್ಲಿ ಅವುಗಳ ಅಳಿವು. ನಮ್ಮ ಜಾತಿಯ ಮನುಷ್ಯರ ಪಾಲು ಕೇವಲ 3 ಮಿ.ಮೀ. ಸಣ್ಣ ಮಕ್ಕಳಿಗೆ ಕೋಟಿಯ ಲೆಕ್ಕ ಬೇಡ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ಸಾಕು.

ಇನ್ನೊಂದು ಚಟುವಟಿಕೆ ಹೆಜ್ಜೆಗಳದ್ದು. ಹದವಾದ ಕೆಸರಿನ ಮೇಲೆ ಒಂದು ಕೋಳಿಯನ್ನು ನಡೆಸಿ. ಒಬ್ಬ ಹುಡುಗ ನಡೆಯಲಿ, ಇನ್ನೊಬ್ಬ ಓಡಲಿ. ಅದನ್ನು ನೋಡದ ಮಕ್ಕಳು ಬಂದು ಯಾರು ಹೋದರು, ಎತ್ತ ಹೋದರು, ನಡೆದರೇ ಓಡಿದರೇ ಎಂದು ಗುರುತುಗಳಿಂದಲೇ ಹೇಳಬೇಕು. ಹೆಜ್ಜೆಗಳ ನಡುವಿನ ಅಂತರವನ್ನು ಅಳೆದು ವಾದಿಸಲಿ. ಕಲ್ಲಾದ ಹೆಜ್ಜೆಗಳನ್ನು ವಿಜ್ಞಾನಿಗಳು ಓದುವುದೂ ಹೀಗೆಯೇ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಮಲೆನಾಡಿನ ಹಾರುವ ಓತಿಯೇ ಡೈನೊಸಾರಿನ ನೆಂಟನೆನಿಸಬಹುದು. ಆದರೆ ಹಕ್ಕಿಗಳು ಡೈನೊಸಾರ್‌ಗಳ ಒಂದು ಶಾಖೆಯಿಂದಲೇ ಬಂದವು. ಆದ್ದರಿಂದ ಹತ್ತಿರದ ನೆಂಟ ಅಂಗಳದ ಕೋಳಿಯೇ!

ಬಣ್ಣ, ಜೇಡಿಮಣ್ಣು ಬೇಡವೆಂದಲ್ಲ. ಅವು ಒಳ್ಳೆಯ ಕೈಕೆಲಸಗಳು. ಅವನ್ನೇ ವಿಜ್ಞಾನವೆಂದು ಕರೆದರೆ ಮಗು ಮೋಸಹೋಗುತ್ತದೆ. ಮುಂದಿನ ಚಟುವಟಿಕೆ ಆರಿಸುವಾಗ ನೀವು ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಇದು ನಮಗೆ ಹೇಗೆ ಗೊತ್ತು?’ ಎಂದು ಮಗು ಕೇಳಲು ಇದರಲ್ಲಿ ಅವಕಾಶವಿದೆಯೇ?