ಬೆಳಕನ್ನು ಕಳೆಯುವ ಕಪ್ಪು ಹಲಗೆ

ಫ್ಯಾಷನ್ ಚಿತ್ರಗಳನ್ನು ತೆಗೆಯುವ ಸ್ಟುಡಿಯೋದಲ್ಲಿ ಒಂದು ಮೈ ಬಿಳಿ, ಇನ್ನೊಂದು ಮೈ ಕಪ್ಪು ಇರುವ ಥರ್ಮೊಕೋಲ್ ಹಲಗೆಗಳನ್ನು ನೀವು ನೋಡಿರಬಹುದು. ಬಿಳಿ ಮೈಯನ್ನು ಮುಖದತ್ತ ತಿರುಗಿಸಿದರೆ ನೆರಳಿದ್ದ ಕೆನ್ನೆಗೆ ಬೆಳಕು ಸೇರುತ್ತದೆ. ಕಪ್ಪು ಮೈಯನ್ನು ತಿರುಗಿಸಿದರೆ, ಗೋಡೆಗಳಿಂದ ಹೊರಳಿ ಆ ಕೆನ್ನೆಗೆ ಬರಬೇಕಾಗಿದ್ದ ಬೆಳಕು ಅಲ್ಲಿಯೇ ಹೀರಿಹೋಗುತ್ತದೆ. ಕೆನ್ನೆಯ ಏರಿಳಿತ, ಸೀರೆಯ ನೆರಿಗೆ ಎದ್ದು ಕಾಣುವುದು ಆಗಲೇ. ಆದರೂ ಚಿತ್ರ ಚೆನ್ನಾಗಿ ಬಂದಾಗ ನಾವು ಹೊಗಳುವುದು ದೀಪವನ್ನು. ಕಪ್ಪಿನ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ಸಿನಿಮಾ ಸ್ಟುಡಿಯೋದಿಂದಲೇ ಸಿಗುತ್ತದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಗುರುದತ್ ನಿರ್ದೇಶನದ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ, ಗೀತಾ ದತ್ ಹಾಡಿರುವ ಹಾಡಿನ ಸನ್ನಿವೇಶಕ್ಕೆ ಅವರು ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಕತ್ತಲಲ್ಲಿ ಬೆಳಕಿನ ಕಂಬವೊಂದು ಓರೆಯಾಗಿ ಇಳಿಯುತ್ತದೆ.

ದೀಪದ ಬದಲು ಬಿಸಿಲೇ ಏಕೆ? ಸೂರ್ಯಬಿಂಬದ ಕೋನವ್ಯಾಸ ಸುಮಾರು ಅರ್ಧ ಡಿಗ್ರಿ. ಆದ್ದರಿಂದ ಸಮತಲ ದರ್ಪಣದಿಂದ ಹೊರಟ ದೂಲ 20 ಮೀಟರ್ ಸಾಗಿದರೂ ಅದರ ಅಗಲ ಹೆಚ್ಚುವುದು 20 ಸೆಂಟಿಮೀಟರ್‌ಗಿಂತ ಕಡಿಮೆ. ಹತ್ತಿರದ ಸಾಮಾನ್ಯ ದೀಪದ ಬೆಳಕು ಹೀಗೆ ಕಟ್ಟಾಗಿ ನಿಲ್ಲದು. ಇಷ್ಟನ್ನು ಎಲ್ಲರೂ ಮೆಚ್ಚಿದ್ದಾರೆ. ಆದರೆ ಕಂಬ ಕಾಣಬೇಕಾದರೆ ಗಾಳಿಯಲ್ಲಿರುವ ಕಣಗಳು ಬೆಳಕನ್ನು ಚದರಿಸಬೇಕು, ಮತ್ತು ಆ ಕ್ಷೀಣ ಬೆಳಕಿನ ಹಿನ್ನೆಲೆ ಕಪ್ಪಾಗಿರಬೇಕು. ಸುತ್ತಲಿನ ಗೋಡೆಗಳು ಬೆಳ್ಳಗಿದ್ದಿದ್ದರೆ ಅದೇ ಬಿಸಿಲು ಇಡೀ ಕೋಣೆಯನ್ನು ತುಂಬಿ, ಕಂಬ ಮಾಯವಾಗುತ್ತಿತ್ತು. ಒಂದು ಆಕ್ಷೇಪಕ್ಕೆ ಎಡೆಯಿದೆ: ಇಷ್ಟು ಭವ್ಯವಾದ ಬೆಳಕಿನೆದುರು ನಟರ ಮುಖಗಳು ಚಿಕ್ಕದಾಗುತ್ತವೆ. ಆದರೆ ಆ ಇಬ್ಬರ ಒಂಟಿತನವೇ ಕಥೆಯಾದ್ದರಿಂದ ಇಲ್ಲಿ ಅದು ಸಲ್ಲುತ್ತದೆ.

ಗೋಡೆಯ ಪಾತ್ರವನ್ನು ಗುಣೋತ್ತರ ಶ್ರೇಢಿಯಿಂದ ಲೆಕ್ಕ ಹಾಕಬಹುದು. ಮುಚ್ಚಿದ ಕೋಣೆಯ ಎಲ್ಲ ಮೈಗಳೂ ಬಿದ್ದ ಬೆಳಕಿನ 0.8 ಭಾಗವನ್ನು ಹಿಂತಿರುಗಿಸುತ್ತವೆ ಎನ್ನಿ. ಆಗ ಒಟ್ಟು ಬೆಳಕು 1 + 0.8 + 0.64 + … = 5. ಇದರಲ್ಲಿ ದೀಪದಿಂದ ನೇರ ಬಂದದ್ದು 1. ಉಳಿದ 4 ಪಾಲು ದಿಕ್ಕುದೆಸೆಯಿಲ್ಲದೆ ಅಲೆದ ಬೆಳಕು. ಪ್ರತಿಫಲನ 0.05ಕ್ಕೆ ಇಳಿದರೆ ಮೊತ್ತ ಸುಮಾರು 1.05 ಮಾತ್ರ. ಕಪ್ಪು ಹಲಗೆ ನೆರಳನ್ನು ‘ಸೃಷ್ಟಿಸುವುದಿಲ್ಲ’. ನೆರಳನ್ನು ಅಳಿಸುತ್ತಿದ್ದ ಬೆಳಕನ್ನು ತೆಗೆದುಹಾಕುತ್ತದೆ.

ನನ್ನ ತಕರಾರು ಇರುವುದು, ಮುಖವನ್ನು ಬೆಳ್ಳಗೆ ತೋರಿಸಲೆಂದು ಸುತ್ತಲೂ ಬಿಳಿ ಹಲಗೆ ನಿಲ್ಲಿಸುವ ರೂಢಿಯ ಬಗ್ಗೆ. ನೇರವಾಗಿ ಬಿದ್ದ ಬೆಳಕಿನ ಶೇಕಡ 4–5 ಭಾಗ ಚರ್ಮದ ಹೊರಮೈಯಿಂದಲೇ ಪ್ರತಿಫಲಿಸುತ್ತದೆ. ಮೈಬಣ್ಣ ಯಾವುದಾದರೂ ಇದು ಹೆಚ್ಚುಕಡಿಮೆ ಒಂದೇ. ಉಳಿದದ್ದು ಒಳಹೊಕ್ಕು, ಮೆಲನಿನ್ ಹೀರಿ ಬಿಟ್ಟಷ್ಟು ಚದರಿ ಹೊರಬರುತ್ತದೆ. ಕಪ್ಪು ಮೈಬಣ್ಣದಲ್ಲಿ ಈ ಚದರಿದ ಬೆಳಕು ಕಡಿಮೆ. ಹಾಗಾಗಿ ಮುಖದ ಆಕಾರವನ್ನು ತಿಳಿಸುವುದರಲ್ಲಿ ಹೊರಮೈಯ ಹೊಳಪಿನ ಪಾಲು ದೊಡ್ಡದು. ಆ ಹೊಳಪಿಗೆ ಅಂಚು ಕೊಡುವುದು ಕಪ್ಪು ಹಲಗೆ. ಎಲ್ಲೆಡೆಯಿಂದಲೂ ಬೆಳಕು ಸುರಿದರೆ ಮುಖ ಚಂದವಾಗುವುದಿಲ್ಲ, ಚಪ್ಪಟೆಯಾಗುತ್ತದೆ. ಇಲ್ಲಿ ಸೋಲುವುದು ನಮ್ಮ ಬೆಳಕಿನ ತಿಳಿವಳಿಕೆಯೇ ಹೊರತು ಮೈಬಣ್ಣವಲ್ಲ.

ಬಲಸಮುದ್ರದಂಥ ಊರಿನ ಶಾಲೆಯಲ್ಲೂ ಇದನ್ನು ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಒಂದರ ಒಳಗೆ ಬಿಳಿ ಕಾಗದ, ಇನ್ನೊಂದರ ಒಳಗೆ ಕಪ್ಪು ಕಾಗದ ಅಂಟಿಸಿ, ಎರಡರಲ್ಲೂ ಒಂದೊಂದು ನಿಂಬೆಹಣ್ಣು ಇಡಿ. ಪಕ್ಕದ ರಂಧ್ರದಿಂದ ಟಾರ್ಚ್ ಬಿಟ್ಟು ಎದುರಿನ ರಂಧ್ರದಿಂದ ನೋಡಿ. ಯಾವ ಹಣ್ಣು ದುಂಡಗೆ ಕಾಣುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ. ಕಾರಣವನ್ನೂ ಅವರೇ ಬರೆಯಲಿ.